ನಾಲ್ಕನೆಯ ಚೌಕಾಬಾರ ಮತ್ತು ಕೆಂಪು ಬಾಳೆಯ ಟೆಂಪೊ

ನಮ್ಮ ಕಂಪನಿಯ ಮೂರನೆಯ ಆಟಕ್ಕೂ ಎರಡನೆಯದಕ್ಕೂ ಏನು ವ್ಯತ್ಯಾಸ ಎಂದು ಜೇವರ್ಗಿ ಕಾಲೋನಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವರೊಬ್ಬರು ಫೋನ್ ಮಾಡಿ ಕೇಳಿದರು. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನ್ನ ಖಾತೆ.

"ಮೂರನೇದ್ರಾಗ ನಾಲ್ಕೂ ಮೂಲಿಗೆ ದೀಪ ಉರೀತಾವ್ರಿ" ಎಂದೆ.

"ಎರಡನೇದ್ರಾಗ?"

"ಕವಡಿ ಬಣ್ಣ ಬ್ಯಾರೆ ಅದರಿ."

"ಮತ್ತ ಮೊದಲನೇದ್ರಾಗ ಏನದ?"

"ಅದ್ರಾಗ ಆಟ ಅದರಿ" ಎಂದುಬಿಟ್ಟೆ. ಅವರು ಮೊದಲನೆಯದನ್ನೇ ತರಿಸಿಕೊಂಡರು.

ಸಿಡಿ ಎಂದರೆ ಜನ ಅಂಚು ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದ ಕಾಲ ಅದು. ಖೂಬಾ ಪ್ಲಾಟಿನ ಒಂದು ಮಹಡಿಯ ಮೇಲೆ ಎರಡು ಕೋಣೆ ಹಿಡಿದು, ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಕಂಪನಿ ಎಂದು ಬಾಗಿಲಿಗೆ ಬೋರ್ಡು ಹಾಕಿಕೊಂಡಿದ್ದೆವು. ಕಂಪನಿ ಎಂದರೆ ಮೂವರು. ಮಾಲಕರು ಅದಕ್ಕೆ ಮುಂಚೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಜನ ನೋಡಿದ ಸಿನಿಮಾವನ್ನೇ ಮತ್ತೆ ಒಯ್ದು ನೋಡುತ್ತಾರೆ ಎಂಬ ಒಂದು ಸತ್ಯವನ್ನು ಆ ವ್ಯಾಪಾರದಿಂದ ಗಳಿಸಿ, ಅದನ್ನೇ ಬಂಡವಾಳವಾಗಿ ಈ ಉದ್ಯಮಕ್ಕೆ ತಂದಿದ್ದರು. ನಾನು ಟೈಪಿಂಗ್ ಕಲಿಸುವುದು ಬಿಟ್ಟು ಬಂದವನು. ಆಟವನ್ನು ಆಡಿ ತಪ್ಪು ಹುಡುಕುವುದು, ಆಡುವ ಕ್ರಮವನ್ನು ಗಂಭೀರ ಕನ್ನಡದಲ್ಲಿ ಬರೆದು ಸಿಡಿಯ ಕವರಿನೊಳಗೆ ಸೇರಿಸುವುದು ನನ್ನ ಕೆಲಸ. ಆಟಗಳನ್ನು ನಿಜವಾಗಿ ಮಾಡುತ್ತಿದ್ದವಳು ಮೂರನೆಯವಳು, ನಮ್ಮ ಪ್ರೋಗ್ರಾಮರ್. ದಿನಾ ಕಮಲಾಪುರದಿಂದ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ಹೋಗುವಳು. ನನಗೆ ಅವಳು ಸರ್ ಎನ್ನುವಳು, ಆದರೆ ನಾನು ಬರೆದ ಒಂದು ವಾಕ್ಯವನ್ನೂ ಅಡ್ಡಗೆರೆ ಎಳೆಯದೆ ಬಿಟ್ಟವಳಲ್ಲ.

ಮೊದಲ ಆಟ ಚೌಕಾಬಾರ. ಅದನ್ನು ಹೊಸದಾಗಿ ಹುಡುಕಬೇಕಾಗಿರಲಿಲ್ಲ, ನಮ್ಮ ಕಡೆ ಪ್ರತಿ ಮನೆಯ ಕಲ್ಲುಹಾಸಿನ ಮೇಲೂ ಗೀಚಿಟ್ಟಿರುತ್ತದೆ. ಐದು ಸಾಲು, ಸಾಲಿಗೆ ಐದು ಮನೆ. ನಾಲ್ಕು ಕವಡೆ ಎಸೆಯಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಎದುರಿನವರ ಕಾಯಿ ಹೊಡೆದು ಮನೆಗೆ ಕಳಿಸುತ್ತ, ತನ್ನ ಕಾಯಿಗಳನ್ನು ನಡುಮನೆಗೆ ಮುಟ್ಟಿಸಿ ಹಣ್ಣು ಮಾಡಿದವರು ಗೆದ್ದಂತೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಕವಡೆ ಉರುಳಿ ಬೀಳುವುದನ್ನು ನೋಡಿ ಜನ ಬೆರಗಾದರು. ಆ ಬೆರಗಿನ ಮೇಲೆ ಎರಡನೆಯ ಚೌಕಾಬಾರ, ಅದರ ಮೇಲೆ ದೀಪಾವಳಿಯ ಮೂರನೆಯ ಚೌಕಾಬಾರ.

ಬೇಸಿಗೆ ಸೂಟಿ ಹತ್ತಿರ ಬಂದಾಗ ಹೈದರಾಬಾದಿನ ವಿತರಕರು ಹೇಳಿ ಕಳಿಸಿದರು: ಸೂಟಿಗೆ ನಿಮ್ಮಿಂದ ಒಂದೇ ಒಂದು ಆಟ ತೆಗೆದುಕೊಳ್ಳುತ್ತೇನೆ, ಯಾವುದೆಂದು ನೀವೇ ಗೊತ್ತುಮಾಡಿ. ಮಾಲಕರು ಅರೆಕ್ಷಣವೂ ಯೋಚಿಸಲಿಲ್ಲ.

"ಚೌಕಾಬಾರ ನಾಕು. ಈ ಸಲ ಹಿಂದ ಗೋಳಗುಮ್ಮಟದ ಫೋಟೊ ಹಾಕೋಣು."

"ನಾ ಮಾಡಂಗಿಲ್ರಿ" ಎಂದಳು ಪ್ರೋಗ್ರಾಮರ್.

ಕಂಪನಿಯ ಇತಿಹಾಸದಲ್ಲಿ ಇದೇ ಮೊದಲ ದಂಗೆ. ಅವಳು ತಿಂಗಳುಗಟ್ಟಲೆ ತನ್ನ ಊಟದ ಹೊತ್ತಿನಲ್ಲಿ ಕೂತು ಒಂದು ಹೊಸ ಆಟ ಮಾಡಿಟ್ಟಿದ್ದಳು. ಕಮಲಾಪುರದ ತೋಟದಿಂದ ಕೆಂಪು ಬಾಳೆಗೊನೆ ಹೇರಿಕೊಂಡ ಟೆಂಪೊ ಕಲಬುರಗಿಯ ಬಜಾರು ಮುಟ್ಟಬೇಕು. ದಾರಿಯಲ್ಲಿ ತೆಗ್ಗು, ಎಮ್ಮೆ, ಕುರಿಕೋಟಾ ಸೇತುವೆ, ಮಹಾಗಾಂವ ಕ್ರಾಸಿನ ಗದ್ದಲ. ಬಾಣದ ಗುಂಡಿ ಒತ್ತಿ ಟೆಂಪೊ ತಿರುವುತ್ತ ಹೋಗಬೇಕು, ಕುಲುಕಿದಷ್ಟೂ ಹಣ್ಣು ಕೆಡುತ್ತದೆ.

"ಸೂಟಿಗೆ ಇದು ಹೋಗ್ಲಿ. ಇಲ್ಲಾಂದ್ರ ನಾ ಜೇವರ್ಗಿ ಕಾಲೋನಿ ಕ್ಲಾಸಿಗೆ ಕಲಸ್ಲಾಕ ಹೋಗ್ತೀನ್ರಿ. ಅವ್ರು ಕರೀಲಾಕತ್ತಾರ. ಕವಡಿಗೆ ಬಣ್ಣ ಹಚ್ಚೂದು ಸಾಕಾಗ್ಯಾದ ನಂಗ."

"ಇದನ್ನ ಯಾರು ಕೇಳ್ಯಾರವ್ವ?" ಎಂದರು ಮಾಲಕರು, ನಿಜವಾದ ಕಳವಳದಿಂದ. "ಚೌಕಾಬಾರ ಅಂದ್ರ ಕವರ್ ನೋಡಿನೇ ಒಯ್ತಾರ. ಇದು ಏನಂತ ಅಂಗಡಿಯಂವ ಮೊದಲ ತಾನು ತಿಳ್ಕೋಬೇಕು, ಆಮ್ಯಾಲ ಗಿರಾಕಿಗೆ ತಿಳಿಸಿ ಹೇಳಬೇಕು. ಅಷ್ಟು ಪುರಸೊತ್ತು ಯಾರಿಗದ?"

ನನ್ನ ಒಲವು ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ನಾನು ಒಂದೇ ಬ್ರ್ಯಾಂಡಿನ ಹಲ್ಲುಪುಡಿಯನ್ನು ಮದುವೆಗೆ ಮುಂಚಿನಿಂದ ಬಳಸುತ್ತಿರುವ ಮನುಷ್ಯ. ನಾಲ್ಕನೆಯ ಚೌಕಾಬಾರಕ್ಕೆ ಆಡುವ ಕ್ರಮವನ್ನು ಆಗಲೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ಕಷ್ಟವೇನೂ ಇರಲಿಲ್ಲ, ಮೂರನೆಯದರಲ್ಲಿ ದೀಪ ಇದ್ದಲ್ಲಿ ಗುಮ್ಮಟ ಎಂದು ತಿದ್ದಿದರಾಯಿತು. ಆದರೆ ಅವಳು ಹೋಗಿಬಿಟ್ಟರೆ ಆ ಎರಡು ಕೋಣೆಗಳಲ್ಲಿ ಉಳಿಯುವುದು ಆಟ ಮಾಡಲು ಬಾರದ ಇಬ್ಬರು ಗಂಡಸರು ಎಂಬುದೂ ನನಗೆ ಗೊತ್ತಿತ್ತು.

ಕೊನೆಗೆ ಮಾಲಕರು ಒಂದು ಫೈಸಲಾ ಕೊಟ್ಟರು. ಎರಡೂ ಆಟಗಳನ್ನು ಕಮಲಾಪುರಕ್ಕೆ ಒಯ್ಯಬೇಕು. ಕಲಬುರಗಿಯವರು ಎಲ್ಲ ನೋಡಿದವರಂತೆ ನಟಿಸುತ್ತಾರೆ, ಕಮಲಾಪುರದವರು ಇದ್ದದ್ದು ಇದ್ದಂತೆ ಹೇಳುತ್ತಾರೆ. ಪ್ರೋಗ್ರಾಮರಳ ಅವ್ವ ಮತ್ತು ಅತ್ತಿ, ಅಂದರೆ ಅಪ್ಪನ ತಂಗಿ, ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಚೌಕಾಬಾರ ಆಡುವವರು. ಅವರೇ ಪರೀಕ್ಷಕರು. ಅವ್ವ ಮಗಳ ಕಡೆ ವಾಲುವುದಿಲ್ಲವೇ ಎಂದು ನಾನು ಕಾನೂನಿನ ತೊಡಕು ಎತ್ತಿದೆ. "ಅತ್ತಿ ಅದಾಳಲ್ರಿ" ಎಂದಳು ಪ್ರೋಗ್ರಾಮರ್. "ಅವ್ವ ಯಾ ಕಡಿ ಹೋದ್ರೂ ಆಕಿ ಇನ್ನೊಂದು ಕಡಿ ಹೋಗ್ತಾಳ." ನಾನು ನ್ಯಾಯಾಧೀಶ. ನನ್ನ ತೀರ್ಪೇ ಕೊನೆಯದು.

ಮಾನಿಟರನ್ನು ಕೌದಿಯಲ್ಲಿ ಸುತ್ತಿ ಬಸ್ಸಿನ ಸೀಟಿನ ಮೇಲೆ ಕೂಡಿಸಿದೆವು. ಕಂಡಕ್ಟರ್ ಕೌದಿಯನ್ನೂ ನನ್ನನ್ನೂ ನೋಡಿ, "ಯಾರಿಗೆ ಆರಾಮಿಲ್ರಿ?" ಎಂದ. ಟಿ.ವಿ. ಎಂದು ಹೇಳಿದೆ. ಕಂಪ್ಯೂಟರ್ ಎಂದಿದ್ದರೆ ಅದು ಲಗೇಜೋ ಪ್ರಯಾಣಿಕನೋ ಎಂದು ಮಹಾಗಾಂವ ಕ್ರಾಸಿನವರೆಗೆ ಚರ್ಚೆ ನಡೆಯುತ್ತಿತ್ತು.

ಮೊದಲು ಚೌಕಾಬಾರ. ಪಡಸಾಲೆಯಲ್ಲಿ ಮೇಜಿನ ಮೇಲೆ ಕಂಪ್ಯೂಟರ್, ಅದರ ಮುಂದೆ ಎರಡು ಕುರ್ಚಿ. ಅವ್ವ ಸೆರಗು ಸರಿಮಾಡಿಕೊಂಡು, ಫೋಟೊಕ್ಕೆ ಕೂತವರಂತೆ ಕೂತರು. ಅತ್ತಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತರು. ಅವ್ವ ಗುಂಡಿ ಒತ್ತಿದರು. ಕವಡೆ ಉರುಳಿ ಬಾರಾ ಬಿತ್ತು. ಅತ್ತಿ ಒತ್ತಿದರು, ಎರಡು. ಅವ್ವನಿಗೆ ಚೌಕ. ಆಟ ಹೀಗೇ ಸಾಗಿ, ಅವ್ವನ ಎರಡು ಕಾಯಿ ಹಣ್ಣಾಗುವ ಹೊತ್ತಿಗೆ ಕರೆಂಟ್ ಹೋಯಿತು.

ಕರೆಂಟ್ ಬಂದ ಮೇಲೆ ಮೊದಲಿನಿಂದ ಶುರು. ಅವ್ವ ಗುಂಡಿ ಒತ್ತಿದರು. ಬಾರಾ. ಅತ್ತಿ ಒತ್ತಿದರು. ಎರಡು. ಅವ್ವ ಒತ್ತಿದರು. ಚೌಕ.

ಅತ್ತಿ ಕುರ್ಚಿಯಿಂದ ಕಾಲು ಕೆಳಗಿಳಿಸಿ ಅಣ್ಣನ ಹೆಂಡತಿಯತ್ತ ತಿರುಗಿದರು. "ವೈನಿ, ಮಗಳಿಗೆ ಹೇಳಿ ಮಾಡಿಸೀಯೇನು?"

"ಏನ್ ಮಾಡಸಲಿ?"

"ಆಗೂ ನಿಂಗ ಬಾರಾ, ನಂಗ ಎರಡು, ಮತ್ತ ನಿಂಗ ಚೌಕ. ಈಗೂ ಅದಾ. ಈ ಡಬ್ಬಿ ನಿನ್ನ ಉಪ್ಪು ತಿಂದದ ನೋಡು."

"ಅದು ಮಷೀನ, ಅದಕ್ಕೇನ್ ಗೊತ್ತು ನಾ ಯಾರು ನೀ ಯಾರಂತ!"

"ಗೊತ್ತಿಲ್ದಾನೇ ಇಷ್ಟು ಮಾಡ್ಯದ. ಗೊತ್ತಿದ್ರ ನನ್ನ ಮನಿ ಬಿಡಸ್ತಿತ್ತು."

ಪ್ರೋಗ್ರಾಮರ್ ನನ್ನನ್ನು ನೋಡಿದಳು, ನಾನು ಅವಳನ್ನು. ಇಬ್ಬರಿಗೂ ಒಂದೇ ಗಳಿಗೆಗೆ ಹೊಳೆಯಿತು. ಕಂಪ್ಯೂಟರಿಗೆ ತನ್ನಷ್ಟಕ್ಕೆ ಕವಡೆ ಎಸೆಯಲು ಬರುವುದಿಲ್ಲ. ಅದು ಒಂದು ಸಂಖ್ಯೆಯಿಂದ ಶುರುಮಾಡಿ, ಲೆಕ್ಕ ಹಾಕುತ್ತ, ಕಣ್ಣಿಗೆ ಗೊತ್ತುಗುರಿ ಇಲ್ಲದಂತೆ ಕಾಣುವ ಅಂಕಿಗಳ ಒಂದು ಉದ್ದನೆಯ ಸರಣಿ ಕೊಡುತ್ತದೆ. ಮೊದಲ ಸಂಖ್ಯೆ ಅದೇ ಆದರೆ ಸರಣಿಯೂ ಅದೇ. ಮೊದಲ ಸಂಖ್ಯೆ ಪ್ರತಿ ಸಲ ಬದಲಾಗಲೆಂದು ಕಂಪ್ಯೂಟರಿನ ಗಡಿಯಾರದಿಂದ ಅದನ್ನು ತೆಗೆದುಕೊಳ್ಳುವ ಒಂದು ಸಾಲು ಪ್ರೋಗ್ರಾಮಿನಲ್ಲಿ ಇರಬೇಕು. ನಾಲ್ಕನೆಯ ಚೌಕಾಬಾರವನ್ನು ಅವಳು ಮಾಲಕರ ಮುಖ ನೋಡಿ ಪರೀಕ್ಷೆಗೆಂದೇ ಜೋಡಿಸಿದ್ದಳು. ಅದರಲ್ಲಿ ಒಂದು ಕಾಯಿ ಒಳಮನೆಗೆ ಹೋಗಿ ಸಿಕ್ಕಿಬೀಳುತ್ತಿತ್ತು. ಅದು ಯಾವ ನಡೆಗೆ ಸಿಗುತ್ತದೆಂದು ಹಿಡಿಯಲು ಅದೇ ಆಟವನ್ನು ಮತ್ತೆ ಮತ್ತೆ ಆಡಬೇಕಿತ್ತು, ಅದಕ್ಕಾಗಿ ಆ ಸಾಲನ್ನು ತೆಗೆದಿದ್ದೆವು. ತೆಗೆ ಎಂದವನು ನಾನು, ತೆಗೆದವಳು ಅವಳು, ಮರಳಿ ಹಾಕುವುದನ್ನು ಇಬ್ಬರೂ ಸರಿಸಮವಾಗಿ ಮರೆತಿದ್ದೆವು.

ಅಲ್ಲೇ ಕೂತು ಸಾಲು ಸೇರಿಸಿದಳು. ಈಗ ಪ್ರತಿ ಸಲವೂ ಬೇರೆ ಬೇರೆ ಬೀಳುತ್ತಿತ್ತು. ಆದರೆ ಹೋದ ನಂಬಿಕೆಯನ್ನು ವಾಪಸು ಹಾಕುವ ಸಾಲು ಯಾವ ಭಾಷೆಯಲ್ಲೂ ಇಲ್ಲ. ಅತ್ತಿಗೆ ಒಂದು ಬಿದ್ದರೆ ಮಷೀನಿನದು ಮೋಸ, ಅವ್ವನಿಗೆ ಒಂದು ಬಿದ್ದರೆ ಮೋಸ ಮುಚ್ಚಿಡಲು ಮಾಡಿದ ಇನ್ನೊಂದು ಮೋಸ. ಆಟ ಮುಗಿಯುವ ಮೊದಲೇ ಅತ್ತಿ ಎದ್ದು ನೀರು ಕುಡಿಯಲು ಹೋದರು.

ಹೊಸ ಆಟಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದು ಕಷ್ಟ. ಪ್ರೋಗ್ರಾಮರ್ ಟೆಂಪೊ ಶುರು ಮಾಡಿ ಅವ್ವನ ಬೆರಳುಗಳನ್ನು ಬಾಣದ ಗುಂಡಿಗಳ ಮೇಲೆ ತಾನೇ ಇಟ್ಟಳು. ಟೆಂಪೊ ತೋಟ ಬಿಟ್ಟಿತು, ಎಮ್ಮೆಗೆ ಹಾಯಿತು, ನಿಂತಿತು. ಮತ್ತೆ ಬಿಟ್ಟಿತು, ಎಮ್ಮೆಗೇ ಹಾಯಿತು.

"ಯವ್ವಾ, ಹಣ್ಣಾದ ಗೊನಿ ಯಾರು ಟೆಂಪೊದಾಗ ಹಾಕ್ತಾರ? ಕಾಯಿ ಹೇರ್ತಾರ. ನಮ್ಮನ್ಯಾಗೇ ಬೆಳದು ನಿಂಗ ಅಷ್ಟೂ ಗೊತ್ತಿಲ್ಲೇನು?"

"ಗೊತ್ತದವ್ವ. ಹಣ್ಣಾದ್ರ ಚಿತ್ರ ಛಂದ ಕಾಣ್ತದ."

"ಹೂಂ. ನನ್ನ ಮಗಳು ಮಾಡ್ಯಾಳ, ಛಂದೇ ಅದ" ಎಂದರು ಅವ್ವ, ಗುಂಡಿಯಿಂದ ಕೈ ತೆಗೆಯುತ್ತ. ನಾನು ಅನೇಕ ಆಟಗಳ ಬಗ್ಗೆ ಅನೇಕ ಟೀಕೆ ಕೇಳಿದ್ದೇನೆ, ಇಷ್ಟು ನಿಷ್ಠುರವಾದದ್ದು ಇನ್ನೊಂದಿಲ್ಲ.

"ಆಕಿ ಟೆಂಪೊ ಹೊಡೀತಾಳ. ನಾ ಏನ್ ಮಾಡ್ಲಿ?" ಎಂದರು ಅತ್ತಿ. "ಕ್ಲೀನರಾಗಿ ಹಿಂದ ನಿಂದರ್ಲಾ?"

ಅಷ್ಟರಲ್ಲಿ ಮತ್ತೆ ಕರೆಂಟ್ ಹೋಯಿತು. ಅತ್ತಿ ಸಮಾಧಾನದ ಉಸಿರು ಬಿಟ್ಟು ಕೆಳಗೆ ಕಲ್ಲುಹಾಸಿನ ಮೇಲೆ ಕೂತರು. ಅವ್ವ ಗೂಡಿನಿಂದ ಕವಡೆ ತಂದರು. ಬಳಸಿ ಬಳಸಿ ಬೆನ್ನು ಸವೆದು ಹೊಳೆಯುತ್ತಿದ್ದ ಕವಡೆ. ಇಬ್ಬರೂ ಫೋಟೊದ ಭಂಗಿ ಬಿಟ್ಟು ಆಟಕ್ಕೆ ಇಳಿದರು.

ಪ್ರೋಗ್ರಾಮರ್ ಕತ್ತಲಾದ ಪರದೆಯ ಮುಂದೆಯೇ ಕೂತಿದ್ದಳು. "ಬಿಡ್ರಿ ಸರ್. ಮಾಲಕ್ರಿಗೆ ನಾಕನೇದು ಅಂತ ಹೇಳ್ರಿ. ಅದನ್ನ ಸರಿ ಮಾಡಿಕೊಟ್ಟು ನಾ ಕ್ಲಾಸಿಗೆ ಹೋಗ್ತೀನಿ." ಅಳಲಿಲ್ಲ. ಕೀಬೋರ್ಡಿನ ಮೇಲೆ ಬಿದ್ದಿದ್ದ ಧೂಳನ್ನು ಒಂದೊಂದೇ ಗುಂಡಿಯಿಂದ ಒರೆಸಿದಳು. ನನಗೆ ಅದು ಅಳುವಿಗಿಂತ ಹೆಚ್ಚು ತಾಗಿತು. ನಾನು ಬಯಸಿದ್ದ ತೀರ್ಪು ತಾನಾಗಿಯೇ ಕೈಗೆ ಬಂದಿತ್ತು, ಅದನ್ನು ಹಿಡಿದುಕೊಳ್ಳಲು ಮನಸ್ಸಾಗಲಿಲ್ಲ.

ಕೆಳಗೆ ನಡೆಯುತ್ತಿದ್ದುದನ್ನು ನೋಡುತ್ತ ಕೂತೆ. ಅವ್ವ ಎಸೆದ ಒಂದು ಕವಡೆ ಇನ್ನೊಂದಕ್ಕೆ ತಾಗಿ ಓರೆಯಾಗಿ ನಿಂತಿತು.

"ಚೌಕ!"

"ಯಾವ ಚೌಕ? ನಿಂತದ ಅದು. ಮತ್ತ ಒಗಿ."

"ನಿಂತಿಲ್ಲ, ಒರಗ್ಯದ."

"ಒರಗಲಾಕ ಅದಕ್ಕೇನು ದಮ್ಮು ಹತ್ಯದೇನು? ಒಗಿ ಅಂದ್ರ ಒಗಿ."

ಈ ವಾದ ಆಟದಷ್ಟೇ ಹೊತ್ತು ನಡೆಯಿತು. ಇಬ್ಬರ ಮುಖವೂ ಬೆಳಗಿತ್ತು. ಅಂಗೈ ತೆರೆದು ಎದುರಿನವರಿಗೆ ತೋರಿಸಿಯೇ ಎಸೆಯಬೇಕು, ಮೊಣಕಾಲಿನ ಮರೆಯಲ್ಲಿ ಎಸೆದರೆ ನಡೆಯುವುದಿಲ್ಲ, ನಿಂತ ಕವಡೆಗೆ ಲೆಕ್ಕವಿಲ್ಲ. ಇದೆಲ್ಲ ನಾನು ಬರೆದ ಮೂರೂ ಕ್ರಮಗಳಲ್ಲಿ ಇರಲಿಲ್ಲ. ಕವಡೆ ಉರುಳಿಸುವುದನ್ನು ಮಷೀನಿಗೆ ವಹಿಸಿದ ದಿನವೇ ಬೇಡವಾದ ಮಾತುಗಳೆಂದು ಬಿಟ್ಟಿದ್ದೆ.

ಪ್ರೋಗ್ರಾಮರ್ ಧೂಳು ಒರೆಸುವುದನ್ನು ನಿಲ್ಲಿಸಿದ್ದಳು. "ಸರ್, ಕವಡಿ ನಾ ಯಾಕ ಬೀಳಸ್ಬೇಕು?"

"ಮತ್ತ ಯಾರು ಬೀಳಸ್ತಾರ?"

"ಅವ್ರೇ ಒಗೀಲಿ. ಮೇಜಿನ ಮ್ಯಾಲ. ಎಷ್ಟು ಬಿತ್ತು ಅಂತ ಗುಂಡಿ ಒತ್ತಲಿ. ಟೆಂಪೊ ಅಷ್ಟು ಮನಿ ಮುಂದ ಹೋಗ್ಲಿ. ಎರಡು ಟೆಂಪೊ ಮಾಡ್ತೀನಿ, ಅವ್ವಂದೊಂದು, ಅತ್ತೀದೊಂದು."

ಹಳೆಯ ಕಾಲದ ಬುದ್ಧಿ ನನ್ನದು, ತಕ್ಷಣ ಕಳ್ಳರ ವಿಚಾರ ಬಂತು. "ಎರಡು ಬಿದ್ದಾಗ ಎಂಟು ಒತ್ತಿದ್ರ? ಚೆಕಿಂಗ್ ಹ್ಯಾಂಗ?"

"ಎದುರಿಗೆ ಅತ್ತಿ ಕೂತಿರ್ತಾಳಲ್ರಿ ಸರ್" ಎಂದಳು. "ಅದಕ್ಕಿಂತ ಚೊಲೋ ಚೆಕಿಂಗ್ ಯಾ ಕಂಪ್ಯೂಟರ್‌ದಾಗ ಅದ?"

ನಾನು ಎದ್ದು ಎಸ್‌.ಟಿ.ಡಿ. ಬೂತಿಗೆ ಹೋದೆ. ನ್ಯಾಯಾಧೀಶನಾಗಿ ಎರಡೂ ಆಟಗಳನ್ನು ವಜಾ ಮಾಡಿದ್ದೇನೆಂದೂ, ಮೂರನೆಯದೊಂದು ಇನ್ನೂ ಹುಟ್ಟಬೇಕಿದೆಯೆಂದೂ, ವಿತರಕರನ್ನು ತಡೆದು ನಿಲ್ಲಿಸಬೇಕೆಂದೂ ಮಾಲಕರಿಗೆ ತಿಳಿಸಿದೆ.

"ಕವಡಿ ಕೈಲೇ ಒಗಿಬೇಕಂದ್ರ ಕಂಪ್ಯೂಟರ್ ಯಾಕ ಬೇಕ್ರಿ ಮಾಸ್ತರ?" ಎಂದು ಅವರು ಕೂಗಿದ್ದು ಬೂತಿನವನಿಗೂ ಕೇಳಿಸಿತು.

ಪ್ರಶ್ನೆ ಸರಿಯಾಗಿಯೇ ಇತ್ತು. ಬೂತಿನ ಗಾಜಿನೊಳಗೆ ಬೆವರುತ್ತ ಉತ್ತರ ಹುಡುಕಿದೆ. "ಕಾಯಿ ಎಷ್ಟು ಹಣ್ಣಾತು, ಎಷ್ಟು ಕುಲುಕಿ ಕೆಟ್ಟಿತು, ಅದನ್ನ ನೆನಪಿಡ್ಲಾಕ ಬೇಕ್ರಿ. ಆ ಲೆಕ್ಕ ಇವರಿಬ್ಬರ ಕೈಯಾಗ ಕೊಟ್ರ ಮನಿ ಎರಡು ಭಾಗ ಆಗ್ತದ."

"ಆಕಿ ಇರ್ತಾಳೇನು?" ಎಂದು ಕೇಳಿದರು.

"ಇದನ್ನ ಮಾಡಿದ್ರ ಇರ್ತಾಳ್ರಿ."

"ಹಂಗಿದ್ರ ಮಾಡ್ರಿ" ಎಂದು ಫೋನ್ ಇಟ್ಟರು. ವ್ಯಾಪಾರಿ ಮನುಷ್ಯ ನಿಜ, ಆದರೆ ಅವಳಿಗೆ ಬಸ್ ತಪ್ಪಿದ ದಿನ ತಾವೇ ಸ್ಕೂಟರಿನಲ್ಲಿ ನಿಲ್ದಾಣಕ್ಕೆ ಬಿಟ್ಟು, ಬಸ್ ಹೊರಡುವ ತನಕ ನಿಂತು ಬರುತ್ತಿದ್ದವರು.

ಮುಂದಿನ ವಾರಗಳಲ್ಲಿ ಅವಳು ರಸ್ತೆಯನ್ನು ಕಡಿದು ಮನೆಗಳನ್ನಾಗಿ ಮಾಡಿದಳು. ಬಾಣದ ಗುಂಡಿಗಳಿಗೆ ಬಿಡುಗಡೆಯಾಯಿತು. ಒಂದು, ಎರಡು, ಮೂರು, ನಾಲ್ಕು, ಎಂಟು ಮಾತ್ರ ಕೆಲಸ ಮಾಡುವಂತೆ ಮಾಡಿ, ಬೇರೆ ಯಾವ ಗುಂಡಿ ಒತ್ತಿದರೂ ಎಮ್ಮೆ ಒದರುವಂತೆ ಮಾಡಿದಳು. ಅವ್ವ ಹೇಳಿದಂತೆ ಟೆಂಪೊದಲ್ಲಿ ಈಗ ಕಾಯಿಯೇ ಹೇರುತ್ತಿದ್ದರು. ಕವಡೆ ಎಸೆದಂತೆಲ್ಲ ಅದು ಅಷ್ಟಷ್ಟು ಮಾಗುತ್ತ, ಕಪ್ಪುಗೆಂಪಿನಿಂದ ತಿಳಿಗೆಂಪಿಗೆ ಬರುತ್ತಿತ್ತು. ಬಜಾರಿಗೆ ಮೊದಲು ಮುಟ್ಟುವುದು ದೊಡ್ಡ ಮಾತಲ್ಲ, ಹದವಾಗಿ ಮುಟ್ಟಬೇಕು. ಸೇತುವೆಯ ಮೇಲೆ ಎದುರಿನವರ ಮನೆಗೇ ಬಂದು ಬಿದ್ದರೆ ಅವರ ಟೆಂಪೊ ಹಿಂದಕ್ಕೆ ತೋಟಕ್ಕೆ. ಇಷ್ಟು ಚೌಕಾಬಾರದ್ದೇ.

ಒಂದು ಮಾತ್ರ ಯಾವ ಚೌಕಾಬಾರದಲ್ಲೂ ಇಲ್ಲದ್ದು. ಬಾರಾ ಬಿದ್ದರೆ ಟೆಂಪೊ ಎಂಟು ಮನೆ ಓಡುತ್ತದೆ, ಆದರೆ ಓಡಿದ ಭರಕ್ಕೆ ಗೊನೆ ಕುಲುಕುತ್ತದೆ. ಆಡುವವರು ಬಾರಾ ಒಲ್ಲೆ ಎನ್ನಬಹುದು. ಇದನ್ನು ಕೇಳಿ ನನಗೆ ಧರ್ಮಕ್ಕೆ ಚ್ಯುತಿ ಬಂದಂತಾಯಿತು. ಬಿದ್ದ ಬಾರಾವನ್ನು ಬೇಡವೆನ್ನುವವರು ಎಲ್ಲಾದರೂ ಇದ್ದಾರೆಯೇ? ಎರಡನೆಯ ಸಲ ಕಂಪ್ಯೂಟರ್ ಒಯ್ದಾಗ ಅತ್ತಿ ಬಾರಾ ಎಸೆದು, ಪರದೆಯ ಮೇಲಿನ ತಮ್ಮ ಗೊನೆಯನ್ನು ನೋಡಿ, ತುಟಿ ಕಚ್ಚಿ ಬಹಳ ಹೊತ್ತು ಕೂತರು. ಕರೆಂಟ್ ಹೋದೀತೆಂದು ಪ್ರೋಗ್ರಾಮರ್ ಬಲ್ಬಿನ ಮೇಲೇ ಕಣ್ಣಿಟ್ಟಿದ್ದಳು.

"ಒಲ್ಲೆ" ಎಂದರು ಅತ್ತಿ.

"ಬಾರಾ ಬಿಟ್ಟಿ! ತಲಿ ಸರಿ ಅದ ಇಲ್ಲ?" ಎಂದರು ಅವ್ವ.

"ನಿನ್ನ ಟೆಂಪೊ ನೀ ಹೊಡಿ ವೈನಿ. ನನ್ನ ಬಾಳಿ ನಂಗ ಗೊತ್ತದ."

ಪ್ರೋಗ್ರಾಮರ್ ಎದ್ದು ಒಳಗೆ ಹೋದಳು. ಚಹಾ ತರಲಿಕ್ಕೆಂದು ಹೇಳಿದಳು. ಬರಿಗೈಲಿ ಬಂದಳು, ಮುಖ ತೊಳೆದುಕೊಂಡಿದ್ದಳು.

ಉಳಿದದ್ದು ಆಡಳಿತದ ವಿಷಯ. ಪ್ರತಿ ಸಿಡಿಯ ಜೊತೆ ನಾಲ್ಕು ಕವಡೆ ಕೊಡಬೇಕಾಯಿತು. ಸೂಪರ್ ಮಾರ್ಕೆಟ್ಟಿನ ಪೂಜಾ ಸಾಮಾನಿನ ಅಂಗಡಿಯವರು ಅಷ್ಟೊಂದು ಕವಡೆ ಯಾಕೆಂದು ಕೇಳಿದಾಗ, ಕಂಪ್ಯೂಟರಿಗೆ ಎಂದೆ. ಅವರು ತೂಗಿ ಕೊಟ್ಟರು, ಬಾಗಿಲ ತನಕ ಕಣ್ಣಲ್ಲೇ ಕಳಿಸಿಬಂದರು. ಹೆಸರಿನಲ್ಲಿ ಚೌಕಾಬಾರ ಇರಲೇಬೇಕೆಂದು ಮಾಲಕರು ಮತ್ತೊಮ್ಮೆ ಹಟ ಹಿಡಿದರು. ಕೊನೆಗೆ ಕವರಿನ ಮೇಲೆ ದೊಡ್ಡದಾಗಿ 'ಕೆಂಪು ಬಾಳಿ' ಎಂದೂ, ಕೆಳಗೆ 'ಚೌಕಾಬಾರ ಮಾಡಿದವರಿಂದಲೇ' ಎಂದೂ ಅಚ್ಚಾಯಿತು. ಹೊಸಬರನ್ನು ಇಂಥವರ ಮಗ ಎಂದು ಪರಿಚಯಿಸಿದರೆ ಊರಿನಲ್ಲಿ ಬಾಗಿಲು ಬೇಗ ತೆರೆಯುತ್ತದೆ ಎಂಬುದು ಅವರ ವಾದ. ಪ್ರೋಗ್ರಾಮರ್ ಒಪ್ಪಿದಳು. ನಾನೂ ಒಪ್ಪಿದೆ, ನನ್ನನ್ನು ಕೇಳಿರಲಿಲ್ಲವಾದರೂ. ವಿತರಕರು ಡಬ್ಬಿ ಅಲ್ಲಾಡಿಸಿ, ನಿಮ್ಮ ಸಿಡಿ ಒಡೆದಿದೆ ಎಂದು ಫೋನ್ ಮಾಡಿದರು. ತೆರೆದು ನೋಡಿದ ಮೇಲೆ ತೆಗೆದುಕೊಂಡರು. ಸೂಟಿಯಲ್ಲಿ ಅದು ಮೊದಲ ಚೌಕಾಬಾರದಷ್ಟು ಹೋಗಲಿಲ್ಲ, ಮೂರನೆಯದಕ್ಕಿಂತ ಚೆನ್ನಾಗಿ ಹೋಯಿತು. ಅವಳು ಕ್ಲಾಸಿಗೆ ಹೋಗಲಿಲ್ಲ.

ಮೊದಲ ಡಬ್ಬಿ ಹೊರಬಿದ್ದ ದಿನ ಅದನ್ನು ಅವ್ವನ ಕೈಗೆ ಕೊಡಲೆಂದು ನಾನೂ ಅವಳೂ ಕಮಲಾಪುರಕ್ಕೆ ಹೋಗಿದ್ದೆವು. ಆಡುವ ಕ್ರಮದ ಹಾಳೆ ಮಾತ್ರ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಕೊನೆಯ ತಿದ್ದುಪಡಿಗೆಂದು ನನ್ನ ಚೀಲದಲ್ಲಿತ್ತು. ಊರಿನಲ್ಲಿ ಕರೆಂಟ್ ಇರಲಿಲ್ಲ. ಪಡಸಾಲೆಯ ಹಾಸಿನ ಮೇಲೆ ಇದ್ದಿಲಿನಿಂದ ಒಂದು ಉದ್ದನೆಯ ರಸ್ತೆ ಗೀಚಿತ್ತು. ಈ ತುದಿಗೆ ಬಾಳೆಗಿಡ, ನಡುವೆ ಸೇತುವೆ, ಆ ತುದಿಗೆ ಬಜಾರು. ಟೆಂಪೊ ಬದಲು ಎರಡು ಬೆಂಕಿಪೊಟ್ಟಣ. ಕಾಯಿ ಎಷ್ಟು ಮಾಗಿತು ಎಂಬುದಕ್ಕೆ ಪಕ್ಕದಲ್ಲಿ ಹುಣಸೆ ಬೀಜ ಕೂಡಿಹಾಕುತ್ತಿದ್ದರು. ಮನೆ ಎರಡು ಭಾಗವಾಗಿರಲಿಲ್ಲ. ಅತ್ತಿ ತಲೆಯೆತ್ತದೆಯೇ, "ಬರ್ರಿ ಮಾಸ್ತರ, ದಾರಿ ಬಿಟ್ಟು ಕೂಡ್ರಿ, ಅದು ಮಹಾಗಾಂವ ಕ್ರಾಸ್" ಎಂದರು.

ಪ್ರೋಗ್ರಾಮರ್ ಡಬ್ಬಿಯನ್ನು ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತಳು. "ಸರ್, ನೋಡ್ರಿ. ಇವ್ರಿಗೆ ನನ್ನ ಪ್ರೋಗ್ರಾಮೇ ಬ್ಯಾಡ." ದೂರಿನ ಮಾತು, ದೂರಿನ ದನಿ ಅಲ್ಲ. ಚಪ್ಪಲಿ ಕಳಚಿ, ಮಹಾಗಾಂವ ಕ್ರಾಸ್ ದಾಟಿ ಹೋಗಿ, ಅವ್ವನ ಪಕ್ಕ ಕೂತಳು.

ಮಾರನೆಯ ದಿನ ಖೂಬಾ ಪ್ಲಾಟಿನಲ್ಲಿ ಕೂತು ಹಾಳೆಯ ಮೊದಲ ವಾಕ್ಯವನ್ನು ತಿದ್ದಿದೆ. 'ಈ ಆಟಕ್ಕೆ ಬೇಕಾದವು: ಇಬ್ಬರು ಮನುಷ್ಯರು, ನಾಲ್ಕು ಕವಡೆ; ಕಂಪ್ಯೂಟರ್ ಇದ್ದರೆ ಅನುಕೂಲ.' ನಾನು ಬರೆದದ್ದರಲ್ಲಿ ಪ್ರೋಗ್ರಾಮರ್ ಅಡ್ಡಗೆರೆ ಎಳೆಯದೆ ಬಿಟ್ಟ ಮೊದಲ ವಾಕ್ಯ ಅದು. ಮಾಲಕರು ಎರಡು ಸಲ ಓದಿದರು, ಕನ್ನಡಕ ತೆಗೆದು ಮೂರನೆಯ ಸಲ ಓದಿದರು.

"ಮಾಸ್ತರ, ಆ 'ಅನುಕೂಲ'ಕ್ಕ ಮೊದಲ 'ಬಹಳ' ಅಂತ ಒಂದು ಸೇರಸ್ರಿ" ಎಂದರು.

ಸೇರಿಸಿದೆ.